ಅಡುಗೆಮನೆ ಇಲ್ಲದ ಊರು

ನಾನು ಬೆಂಗಳೂರಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಬೆಂಗಳೂರು ನೋಡಿದ್ದೀರಾ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನಬೇಕು. ನಾನು ನೋಡಿದ್ದು ರಾಜಾಜಿನಗರದ ಒಂದು ಅಡುಗೆಮನೆ, ಬಸವೇಶ್ವರನಗರದ ಇನ್ನೊಂದು ಅಡುಗೆಮನೆ, ಆಮೇಲೆ ವಿಜಯನಗರದಲ್ಲಿ ಗಾಳಿಯೇ ಆಡದ ಮತ್ತೊಂದು. ನಮ್ಮ ಕಡೆಯವರು ದೊಡ್ಡ ಊರಿಗೆ ಹೋಗುವುದೆಂದರೆ ಆ ಊರಿನ ನೆಂಟರ ಮನೆಗೆ ಹೋಗುವುದು. ಗಂಡಸರು ಕಾಫಿ ಕುಡಿದು ಪೇಪರ್ ಹಿಡಿದು ಕೂರುತ್ತಾರೆ. ಹೆಂಗಸರು ಬ್ಯಾಗು ಮೂಲೆಗಿಟ್ಟು, ಕೈಕಾಲು ತೊಳೆದು, "ನಾನೇನು ಮಾಡ್ಲಿ, ಕೊಡಿ" ಎಂದು ಒಳಗೆ ಹೋಗುತ್ತಾರೆ. ಹಾಗೆ ಕೇಳದಿದ್ದರೆ ಆಮೇಲೆ ಮಾತು ಬರುತ್ತದೆ. ಕೇಳಿದರೆ ಈರುಳ್ಳಿ ಬರುತ್ತದೆ.

ಇದರಲ್ಲಿ ನನಗೆ ಇನ್ನೊಂದು ಅವಮಾನವಿದೆ. ನಾನು ಶಿವಮೊಗ್ಗದ ಒಂದು ಪಿಯು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು. ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಮುಂಬೈ ಬಂದರಿನ ನಕ್ಷೆ ಬರೆಯಬಲ್ಲೆ. ಬಂದರು ಯಾಕೆ ಅಲ್ಲೇ ಹುಟ್ಟಿತು, ಏಳು ದ್ವೀಪಗಳು ಹೇಗೆ ಒಂದಾದವು ಎಂದು ಗಂಟೆಗಟ್ಟಲೆ ಹೇಳಬಲ್ಲೆ. "ಮೇಡಂ, ನೀವು ಹೋಗಿದ್ದೀರಾ?" ಎಂದು ಯಾರಾದರೂ ಕೇಳಿದರೆ ಮಾತ್ರ ಪಾಠದ ಕಡೆ ಗಮನ ಕೊಡಿ ಎಂದು ಗದರಿ ಬಾಯಿ ಮುಚ್ಚಿಸುತ್ತೇನೆ.

ಆದರೆ ಈ ಕತೆ ಶುರುವಾದದ್ದು ನನ್ನಿಂದಲ್ಲ, ಅಕ್ಕನಿಂದ. ಅಕ್ಕ ಭದ್ರಾವತಿಯ ಹಳೇನಗರದಲ್ಲಿದ್ದಾಳೆ. ಭಾವ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದವರು. ನಾವಿಬ್ಬರೂ ಬೆಳೆದದ್ದು ಅದೇ ಊರಿನ ಕಾಗದದ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ. ಒಂದು ಶ್ರಾವಣದ ಭಾನುವಾರ ಅವಳ ಮನೆಗೆ ಹೋದರೆ ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಬೆಂಗಳೂರಿನಲ್ಲಿ ಭಾವನ ತಮ್ಮನ ಮನೆಯ ಗೃಹಪ್ರವೇಶಕ್ಕೆ ಹೋಗಿ, ಬಂದವರಿಗೆಲ್ಲ ಚಪಾತಿ ಲಟ್ಟಿಸಿ ಕೈ ಉಳುಕಿಸಿಕೊಂಡು ಬಂದಿದ್ದಳು.

"ಹೆಂಗಿತ್ತಕ್ಕ ಬೆಂಗಳೂರು?" ಎಂದೆ.

"ಸಿಂಕ್ ದೊಡ್ಡದಿತ್ತು," ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ಸುತ್ತಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತುತ್ತಾ, ನನ್ನ ಮುಖ ನೋಡದೆ ಹೇಳಿದಳು: "ಒಂದೇ ಒಂದು ಸಲ ಮಾರಾಯ್ತಿ, ಯಾವುದಾದ್ರೂ ದೊಡ್ಡ ಊರಿಗೆ ಹೋಗಿ ಲಾಡ್ಜಲ್ಲಿ ಮಲಗ್ಬೇಕು. ಬೆಳಗ್ಗೆ ಎದ್ರೆ ಅಡುಗೆಮನೆ ಕಣ್ಣಿಗೆ ಬೀಳಬಾರ್ದು. ಆಮೇಲೆ ಊರು ಹೆಂಗಾದ್ರೂ ಇರ್ಲಿ."

ಅರವತ್ತು ದಾಟಿದ ಹೆಂಗಸು ಬಾಯಿಬಿಟ್ಟು ಕೇಳಿದ್ದು ಇಷ್ಟು. ಒಡವೆಯಲ್ಲ, ಸೀರೆಯಲ್ಲ, ಒಂದು ಬೆಳಗ್ಗೆ. ನನಗೆ ಕೋಪ ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಕೋಪ ಬಂದಾಗ ನಾನು ಯೋಚನೆ ಮಾಡುವವಳಲ್ಲ. "ದಸರಾ ರಜೇಲಿ ಹೋಗೋಣ. ಮುಂಬೈಗೆ. ನಾವಿಬ್ರೇ," ಎಂದುಬಿಟ್ಟೆ. ಬೋರ್ಡಿನ ಮೇಲೆ ಬರೆದು ಬರೆದು ಕೈಗೆ ಅಂಟಿದ ಊರು ಬಾಯಿಗೂ ಬಂತು. ಆ ಊರಿನಲ್ಲೂ ನಮ್ಮ ನೆಂಟರೊಬ್ಬರಿದ್ದಾರೆ ಎಂಬುದು ಆ ಗಳಿಗೆಯಲ್ಲಿ ತಲೆಗೆ ಹೊಳೆಯಲಿಲ್ಲ.

ನನ್ನ ಯಜಮಾನರು ಅಡ್ಡಿಯೇನೂ ಮಾಡಲಿಲ್ಲ. "ಪ್ಯಾಕೇಜ್ ಟೂರಿನೋರಿಗೆ ಹೇಳಿದ್ರೆ ಅವ್ರೇ ಕರ್ಕೊಂಡು ಹೋಗಿ ಕರ್ಕೊಂಡು ಬರ್ತಾರಲ್ಲ," ಎಂದರು. ಅಂಥ ಬಸ್ಸುಗಳಲ್ಲಿ ಅಡುಗೆಯವರನ್ನೂ ಪಾತ್ರೆಗಳನ್ನೂ ಜೊತೆಗೇ ಒಯ್ಯುತ್ತಾರೆ. ಅಕ್ಕ ಒಂದು ಗಂಟೆಯೊಳಗೆ ಒಗ್ಗರಣೆ ಸರಿಯಿಲ್ಲವೆಂದು ಸೌಟು ಕೈಗೆ ತಗೊಳ್ಳುತ್ತಾಳೆ ಎಂದು ನನಗೆ ಗೊತ್ತಿತ್ತು. ಬೇಡ ಎಂದೆ. ಮರುದಿನ ಕಾಲೇಜು ಮುಗಿಸಿ ಪುಸ್ತಕದ ಅಂಗಡಿಗೆ ಹೋಗಿ ಮುಂಬೈ ಬಗ್ಗೆ ಇದ್ದ ಅತಿ ದಪ್ಪ ಗೈಡ್ ಕೇಳಿದೆ. ಅಂಗಡಿಯವರು ಏಣಿ ಹತ್ತಿ ತೆಗೆದು ಧೂಳು ಒರೆಸುತ್ತಾ, "ಈಗ ಎಲ್ಲ ಫೋನಲ್ಲೇ ಬರುತ್ತಲ್ಲ ಮೇಡಂ," ಎಂದರು. ಬರುತ್ತದೆ. ಆದರೆ ಫೋನು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ. ಏನು ಕೇಳಬೇಕು ಎಂದೇ ಗೊತ್ತಿಲ್ಲದವರಿಗೆ ಪುಸ್ತಕ ಬೇಕು.

ಆ ಪುಸ್ತಕ ಇಂಗ್ಲಿಷಿನದು, ಪರದೇಶದವರಿಗಾಗಿ ಬರೆದದ್ದು. ಭಾನುವಾರ ಭಾನುವಾರ ಅದನ್ನು ಚೀಲದಲ್ಲಿಟ್ಟುಕೊಂಡು ಭದ್ರಾವತಿಗೆ ಬಸ್ಸು ಹತ್ತುತ್ತಿದ್ದೆ. ಅಕ್ಕ ಅಲಸಂದೆಕಾಯಿ ಬಿಡಿಸುತ್ತಾ ಕೂರುತ್ತಿದ್ದಳು, ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಬಲಗೈಯಲ್ಲಿ ಊಟ ಮಾಡುವುದು ಹೇಗೆ ಎಂದು ಅದರಲ್ಲಿ ಒಂದು ಪ್ಯಾರಾ ಇತ್ತು. ಖಾರ ಹೆಚ್ಚಾದರೆ ಮೊಸರು ತಿನ್ನಿ ಎಂದಿತ್ತು. ಭಾವ ಒಳಗಿನಿಂದ, "ಇದನ್ನ ದುಡ್ಡು ಕೊಟ್ಟು ತಂದ್ಯಾ?" ಎಂದು ಕೇಳಿದರು. ಒಂದು ಕಡೆ, ಊರಿನವರು ಯಾರಾದರೂ ಮನೆಗೆ ಕರೆದರೆ ಏನಾದರೂ ಸಣ್ಣ ಉಡುಗೊರೆ ಒಯ್ಯಿರಿ, ಊಟವಾದ ಮೇಲೆ ಬಹಳ ಹೊತ್ತು ಕೂರದೆ ಹೊರಡುವುದು ಸಭ್ಯತೆ ಎಂದಿತ್ತು.

"ಊಟ ಆದ ತಕ್ಷಣ ಹೊರಡೋದಾ?" ಅಕ್ಕ ಕೈ ನಿಲ್ಲಿಸಿ ಕೇಳಿದಳು. "ನಮ್ಮಲ್ಲಿ ಹಂಗೆ ಎದ್ದು ಬಂದ್ರೆ ಹತ್ತು ವರ್ಷ ಮಾತಾಡ್ಸಲ್ಲ."

ನಗುತ್ತಾ ಓದುತ್ತಿದ್ದರೂ ಪುಸ್ತಕ ನನ್ನನ್ನು ಹೆದರಿಸತೊಡಗಿತ್ತು. ನೋಡಬೇಕಾದ ಜಾಗಗಳೇ ಪುಟಗಟ್ಟಲೆ ಇದ್ದವು. ನಾನು ಕಾಲೇಜಿನ ಟೈಮ್ ಟೇಬಲ್ ಮಾಡುವ ಹಾಗೆ ಚೌಕ ಗೆರೆ ಎಳೆದು ತುಂಬಿಸಿದೆ. ಒಂದು ಸೇರಿಸಿದರೆ ಇನ್ನೊಂದು ಬಿದ್ದುಹೋಗುತ್ತಿತ್ತು. ಮೂರನೇ ಸಲ ಹಾಳೆ ಹರಿದು ಹಾಕಿದಾಗ ಅಕ್ಕ, "ಕೊಡಿಲ್ಲಿ ನಕ್ಷೆ," ಎಂದು ಪುಸ್ತಕದ ಹಿಂದಿನ ಮಡಿಕೆ ಬಿಡಿಸಿಕೊಂಡು ನೆಲದ ಮೇಲೆ ಹರವಿದಳು. "ಪತ್ರಿಕೆ ಹಂಚಿದಂಗೆ ಮಾಡೋಣ."

ಮದುವೆ ಪತ್ರಿಕೆ ಹಂಚುವುದು ನಮ್ಮ ಮನೆಗಳಲ್ಲಿ ಹೆಂಗಸರ ಕೆಲಸ. ಅಂಚೆಯಲ್ಲೋ ಫೋನಿನಲ್ಲೋ ಕಳಿಸಿದರೆ ಕರೆದ ಹಾಗಲ್ಲ. ಕುಂಕುಮದ ಬಟ್ಟಲು ಹಿಡಿದು ಮನೆಗೇ ಹೋಗಿ, ಹಣೆಗಿಟ್ಟು, ಬಾಯಿತುಂಬ ಕರೆಯಬೇಕು. ಅಕ್ಕ ಇದರಲ್ಲಿ ಪಳಗಿದವಳು. ಭದ್ರಾವತಿ, ಶಿವಮೊಗ್ಗ ಎರಡೂ ಊರನ್ನು ಬಡಾವಣೆ ಬಡಾವಣೆಯಾಗಿ ಹಂಚಿಕೊಂಡು, ಹೊಳೆ ದಾಟಿದ ಮೇಲೆ ಆ ದಿನ ಮತ್ತೆ ಈಚೆ ಬರದ ಹಾಗೆ ಸುತ್ತಿ ಮುಗಿಸುತ್ತಾಳೆ. ಯಾರು ಮಾತು ಬಿಡುವುದಿಲ್ಲ, ಯಾರು ಬಾಗಿಲಲ್ಲೇ ಕಳಿಸುತ್ತಾರೆ, ಯಾರ ಮನೆಯಲ್ಲಿ ಊಟದ ಹೊತ್ತಿಗಿದ್ದರೆ ಒಳ್ಳೆಯದು ಎಲ್ಲ ಅವಳಿಗೆ ಬಾಯಿಪಾಠ. ಈಗ ನಾನು ಒಂದೊಂದು ಜಾಗದ ಬಗ್ಗೆ ಓದಿದರೆ, ಅದು ಎಂಥವರ ಮನೆ ಎಂದು ಅವಳು ತೀರ್ಮಾನ ಮಾಡತೊಡಗಿದಳು.

"ಗೇಟ್‌ವೇ ಅಂದ್ರೆ ಗೇಟಲ್ಲೇ ನಿಂತು ಪತ್ರಿಕೆ ಕೊಟ್ಟು ಬರೋ ಮನೆ. ಮ್ಯೂಸಿಯಂ ಅಂದ್ಯಲ್ಲ, ಅದು ಮದುವೆ ಆಲ್ಬಂ ತೋರ್ಸೋರ ಮನೆ. ಕೂತ್ರೆ ಅರ್ಧ ದಿವ್ಸ ಹೋಯ್ತು. ಬೆಳಗ್ಗೇನೇ ಮುಗಿಸ್ಬೇಕು. ಮಾರ್ಕೆಟ್ಟು ಶಿವಮೊಗ್ಗದ ಗಾಂಧಿ ಬಜಾರ್ ಇದ್ದಂಗೆ, ಕೊನೆಗಿಟ್ಕೊ. ಕೈಯಲ್ಲಿ ಚೀಲ ನೇತಾಡಿಸ್ಕೊಂಡು ಬೇರೆ ಕಡೆ ಹೋಗಕ್ಕಾಗಲ್ಲ."

"ಘಾರಾಪುರಿ?" ಎಂದೆ. ಎಲಿಫೆಂಟಾ ಗುಹೆಗಳಿರುವ ದ್ವೀಪ ಅದು. ಬಂಡೆಯಲ್ಲಿ ಕಡೆದ ಮೂರು ಮುಖದ ಶಿವನಿದ್ದಾನೆ.

"ಅದು ಆಯನೂರು ಮಾವನ ಮನೆ. ಊರಿಂದಾಚೆ, ಒಂದಿಡೀ ದಿವ್ಸ ಬೇಕು. ಸೋಮವಾರ ಹಾಕು."

ಸೋಮವಾರ ಶಿವನ ವಾರ. ನಮ್ಮ ಮನೆಗಳಲ್ಲಿ ಶಿವನ ಕೆಲಸವನ್ನು ಇನ್ಯಾವ ವಾರ ಇಟ್ಟುಕೊಳ್ಳುತ್ತಾರೆ? ಎರಡು ಮಾತಿಲ್ಲದೆ ಬರೆದುಕೊಂಡೆ. ಊಟವಾದ ಮೇಲೆ ಪುಸ್ತಕದ ಸಣ್ಣಕ್ಷರ ನೋಡುತ್ತಿದ್ದಾಗ, ಆ ಗುಹೆಗಳಿಗೆ ವಾರದ ರಜೆ ಸೋಮವಾರವೇ ಎಂದು ಕಂಡಿತು. ಅಕ್ಕ ಎರಡು ಸಲ ಓದಿಸಿದಳು. ಶಿವನಿಗೆ ಅವನ ವಾರದ ದಿನವೇ ಬಾಗಿಲು ಹಾಕುವವರ ಬುದ್ಧಿಗೆ ಏನು ಹೇಳುವುದು ಎಂದು ಸ್ವಲ್ಪ ಹೊತ್ತು ಗೊಣಗಿ, ಮಂಗಳವಾರಕ್ಕೆ ಒಪ್ಪಿದಳು. ಅವತ್ತಿನಿಂದ ಪುಸ್ತಕದ ಮೇಲೆ ಅವಳಿಗೆ ಮರ್ಯಾದೆ ಬಂತು. ಅದಕ್ಕೆ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿಸಿದಳು.

ಎಲ್ಲವೂ ಸುಸೂತ್ರವಾಗಿತ್ತು, ಸೂಟ್‌ಕೇಸ್ ಒಂದನ್ನು ಬಿಟ್ಟು. ಇಬ್ಬರ ಮನೆಯಲ್ಲೂ ಚಕ್ರವಿರುವ ಒಳ್ಳೆಯ ಸೂಟ್‌ಕೇಸ್ ಇರಲಿಲ್ಲ. ಆಯನೂರಿನಲ್ಲಿ ನಮ್ಮ ಸೋದರಮಾವನ ಮನೆಯಲ್ಲಿತ್ತು. ನಾಲ್ಕು ದಿನಕ್ಕೆ ಬೇಕು ಎಂದು ಫೋನ್ ಮಾಡಿದೆ. ನಮ್ಮ ಕಡೆ ಸೂಟ್‌ಕೇಸ್ ಕೇಳಿದ ಮೇಲೆ ಎಲ್ಲಿಗೆ, ಎಲ್ಲಿ ಉಳಿಯುವುದು ಎಂದು ಹೇಳದೆ ಇರಲು ಆಗುವುದಿಲ್ಲ. ಅತ್ತೆ ಸಂತೋಷದಿಂದ ಬಸ್ಸಿನಲ್ಲಿ ಹಾಕಿ ಕಳಿಸಿದರು. ಬಿಚ್ಚಿ ನೋಡಿದರೆ ಅರ್ಧ ತುಂಬಿತ್ತು: ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಒಂದು ಸೀರೆ. ಎಲ್ಲವೂ ಮುಂಬೈಯ ಹೊರವಲಯದ ಡೊಂಬಿವಲಿಯಲ್ಲಿರುವ ನಮ್ಮ ಚಿಕ್ಕಮ್ಮನಿಗೆ.

ಚಿಕ್ಕಮ್ಮ ನಮ್ಮ ಅಮ್ಮನ ಕೊನೆಯ ತಂಗಿ. ಮದುವೆಯಾಗಿ ಮುಂಬೈ ಕಡೆ ಹೋದವರು, ಎಪ್ಪತ್ತು ದಾಟಿದ್ದಾರೆ. ಶಿವಮೊಗ್ಗ ಸೀಮೆಯಿಂದ ಯಾರೇ ಮುಂಬೈಗೆ ಹೋಗಲಿ, ಆಪರೇಷನ್ನಿಗೆ, ಇಂಟರ್‌ವ್ಯೂಗೆ, ಹಡಗು ನೋಡಲಿಕ್ಕೆ, ಉಳಿದುಕೊಂಡದ್ದು ಅವರ ಮನೆಯಲ್ಲಿ. ಅಮ್ಮ ಹೋದ ಮೇಲೆ ನಮಗೆ ತಾಯಿಯ ಜಾಗದಲ್ಲಿ ಉಳಿದವರು ಅವರೊಬ್ಬರೇ. ಅವರ ಮನಸ್ಸು ನೋಯಿಸಿ ನಾವು ಮುಂಬೈ ನೋಡಬೇಕಾಗಿರಲಿಲ್ಲ. ಹಾಗೆಂದು ಅವರ ಮನೆಗೆ ಹೋಗಿ ಉಳಿದರೆ ಅಕ್ಕನ ಒಂದು ಬೆಳಗ್ಗೆಯೂ ಹೋಯಿತು.

ಅವತ್ತೇ ಸಂಜೆ ಫೋನ್ ಬಂತು. "ಏನೆ, ಲಾಡ್ಜ್ ಬುಕ್ ಮಾಡಿದ್ಯಂತೆ. ನಾನಿನ್ನೂ ಬದುಕಿದ್ದೀನಿ," ಎಂದರು ಚಿಕ್ಕಮ್ಮ. "ಕಲ್ಯಾಣಲ್ಲೇ ಇಳ್ಕೊಳ್ಳಿ. ನಿಮ್ ಚಿಕ್ಕಪ್ಪ ಸ್ಟೇಷನ್ನಿಗೆ ಬರ್ತಾರೆ." ಕಲ್ಯಾಣಲ್ಲೇ ಇಳೀತೀವಿ ಚಿಕ್ಕಮ್ಮ ಎಂದಷ್ಟೇ ಹೇಳಿ ಫೋನಿಟ್ಟೆ.

ವಿಷಯ ಹೇಳಲು ಭದ್ರಾವತಿಗೆ ಹೋದೆ. ಅಕ್ಕ ಅಳುತ್ತಾಳೆ, ಇಲ್ಲವೇ ಹೋಗುವುದೇ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಬಿಡಿಸುತ್ತಿದ್ದ ಅಲಸಂದೆಕಾಯಿ ಪಕ್ಕಕ್ಕಿಟ್ಟಳು.

"ಪತ್ರಿಕೆ ಹಂಚೋಕೆ ಹೋದಾಗ ಯಾರ ಮನೇಲಾದ್ರೂ ಉಳ್ಕೊಂಡಿದ್ದೀವಾ?" ಎಂದಳು.

"ಇಲ್ಲ."

"ಯಾರಾದ್ರೂ ಉಳ್ಕೊಳ್ಳಿ ಅಂತ ಹಟ ಮಾಡಿದ್ದಾರಾ? ಊಟಕ್ಕೆ ಬಲವಂತ?"

ಇಲ್ಲವೇ ಇಲ್ಲ. ಕರೆಯಲು ಬಂದವರಿಗೆ ಇನ್ನೂ ಹತ್ತು ಮನೆ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಅರ್ಧ ಲೋಟ ಕಾಫಿ, ಅದೂ ಬೇಡವೆಂದರೆ ಚಿಟಿಕೆ ಸಕ್ಕರೆ ಬಾಯಿಗೆ ಹಾಕಿ ಕಳಿಸುತ್ತಾರೆ. ಅವರನ್ನು ಹಿಡಿದು ಕೂರಿಸುವುದು ತಪ್ಪು. ಕುಂಕುಮ ಇಡಿಸಿಕೊಂಡವರು ಬರುವುದಿಲ್ಲ ಎನ್ನುವುದೂ ತಪ್ಪು.

"ಅಂದ್ರೆ ಚಿಕ್ಕಮ್ಮ ನಮ್ಮನ್ನ ಕರೆಯೋಕೆ ಮುಂಚೆ ನಾವೇ ಅವರನ್ನ ಕರೆದುಬಿಡೋದು," ಎಂದಳು ಅಕ್ಕ. "ಗಾಂಧಿ ಬಜಾರಲ್ಲಿ ಒಂದು ಒಳ್ಳೇ ರವಿಕೆ ಕಣ ತಗೊಂಡು ಬಾ. ತೆಂಗಿನಕಾಯಿ ನಮ್ಮನೇದೇ ಇದೆ."

ಇಂಥ ಉಪಾಯ ನನ್ನ ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ. ನಾನು ಅಕ್ಕನನ್ನು ಬಾಯಿಬಿಟ್ಟುಕೊಂಡು ನೋಡಿದೆ. ಅವಳು ಅಲಸಂದೆಕಾಯಿ ಬಿಡಿಸುವುದಕ್ಕೆ ವಾಪಸ್ಸು ಹೋದಳು.

ಶಿವಮೊಗ್ಗದಲ್ಲಿ ನಾನು, ಭದ್ರಾವತಿಯಲ್ಲಿ ಅಕ್ಕ ರೈಲು ಹತ್ತಿ, ಬೀರೂರಿನಲ್ಲಿ ಇಳಿದು ಮುಂಬೈ ಗಾಡಿ ಹಿಡಿದೆವು. ಕಲ್ಯಾಣ ಬರುವ ಹೊತ್ತಿಗೆ ಅಕ್ಕ ಮುಖ ತೊಳೆದು, ಸೀರೆ ಬದಲಾಯಿಸಿ, ಮದುವೆ ಮನೆಯವಳ ಹಾಗೆ ತಯಾರಾಗಿ ಕೂತಿದ್ದಳು. ಚಿಕ್ಕಪ್ಪ ಪ್ಲಾಟ್‌ಫಾರಂನಲ್ಲಿ ಕಾಯುತ್ತಿದ್ದರು. ಡೊಂಬಿವಲಿಯ ಮನೆ ಮೂರನೇ ಮಹಡಿಯಲ್ಲಿ. ಬಾಗಿಲಲ್ಲಿ ನಿಂತ ಚಿಕ್ಕಮ್ಮ ನಮ್ಮ ಅಮ್ಮನಷ್ಟೇ ಕುಳ್ಳು, ಅಮ್ಮನ ಹಾಗೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಅವರನ್ನು ನೋಡಿದ ಕೂಡಲೇ ನನ್ನ ಧೈರ್ಯ ಅರ್ಧ ಇಳಿಯಿತು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಬುಟ್ಟಿ ಮೆಂತ್ಯೆಸೊಪ್ಪು ಬಿಡಿಸಲಿಕ್ಕೆ ಕಾಯುತ್ತಾ ಕೂತಿತ್ತು.

ಅಕ್ಕ ಅದರ ಕಡೆ ನೋಡಲಿಲ್ಲ. ಕಾಲಿಗೆ ನಮಸ್ಕಾರ ಮಾಡಿ, ಆಯನೂರಿನ ಗಂಟು ಒಪ್ಪಿಸಿ, ಚಿಕ್ಕಮ್ಮನನ್ನು ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಚೀಲದಿಂದ ಕುಂಕುಮದ ಬಟ್ಟಲು ತೆಗೆದಳು. ಹಣೆಗಿಟ್ಟು, ಕಣ, ಕಾಯಿ, ಎಲೆಯಡಿಕೆ ಮುಂದೆ ಹಿಡಿದಳು. ಚಿಕ್ಕಮ್ಮನ ಕೈ ಅಭ್ಯಾಸಬಲದಿಂದ ತಾನಾಗಿಯೇ ಸೆರಗು ಒಡ್ಡಿತು.

"ಏನೆ ಇದು, ಯಾರ ಮದುವೆ?" ಎಂದರು.

"ಮದುವೆ ಅಲ್ಲ ಚಿಕ್ಕಮ್ಮ. ಮಂಗಳವಾರ ಘಾರಾಪುರಿ ನೋಡೋದು ಇಟ್ಕೊಂಡಿದ್ದೀವಿ. ನೀವಿಬ್ರೂ ಬರ್ಬೇಕು, ಮುಂದೆ ನಿಂತು ನಡೆಸ್ಕೊಡ್ಬೇಕು. ಬೆಳಗ್ಗೆ ನಮ್ಮ ಲಾಡ್ಜಿಗೇ ಬಂದುಬಿಡಿ. ತಿಂಡಿ ಅಲ್ಲೇ."

ಚಿಕ್ಕಪ್ಪ ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಚಿಕ್ಕಮ್ಮ ಮಡಿಲಿನ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಬೈಗುಳ ಬರುತ್ತದೆ ಎಂದು ನಾನು ಕಾದೆ.

"ಸೋಮವಾರ ಇಟ್ಕೊಬಾರ್ದಿತ್ತಾ?" ಎಂದರು.

ನನಗೆ ಕುಣಿಯುವಷ್ಟು ಖುಷಿಯಾಯಿತು. ಪುಸ್ತಕ ತೆಗೆದು ಆ ಸಣ್ಣಕ್ಷರ ತೋರಿಸಿದೆ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ನೋಡಿ, ಚಿಕ್ಕಪ್ಪನ ಕಡೆ ತಿರುಗಿ, "ಇಷ್ಟು ವರ್ಷ ಇಲ್ಲೇ ಇದ್ದು ನಮಗೆ ಗೊತ್ತಿಲ್ಲ ನೋಡ್ರಿ, ಭದ್ರಾವತಿಯೋರಿಗೆ ಗೊತ್ತು," ಎಂದರು. ಆಮೇಲೆ ದನಿ ಇಳಿಸಿ ಅಕ್ಕನಿಗೆ, "ಈ ಊರಲ್ಲಿ ನನ್ನನ್ನ ಯಾರೂ ಎಲ್ಲಿಗೂ ಕರ್ದಿಲ್ಲ ಕಣೆ. ಬಂದೋರೆಲ್ಲ ಊರು ನೋಡ್ಕೊಂಡು ಬರ್ತಿದ್ರು. ಅವರು ಬರೋಷ್ಟೊತ್ತಿಗೆ ನನ್ನ ಅಡುಗೆ ಆಗಿರ್ತಿತ್ತು. ಹೆಂಗಿತ್ತು ಅಂತ ಕೇಳ್ತಿದ್ದೆ," ಎಂದರು.

ನಾವು ಈ ಹೆಂಗಸಿನಿಂದ ತಪ್ಪಿಸಿಕೊಳ್ಳಲು ಉಪಾಯ ಹೂಡಿಕೊಂಡು ಬಂದಿದ್ದೆವು. ಅಕ್ಕ ಮಾತ್ರ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಮರೀಬೇಡಿ, ಮಂಗಳವಾರ," ಎಂದಳು. ನಮಗೆ ಅವಲಕ್ಕಿ, ಅರ್ಧರ್ಧ ಲೋಟ ಕಾಫಿ ಸಿಕ್ಕಿತು. ಉಳಿದುಕೊಳ್ಳಿ ಎಂಬ ಮಾತು ಬರಲಿಲ್ಲ. ಆಫೀಸಿನವರ ನೂಕುನುಗ್ಗಲು ಮುಗಿದ ಮೇಲೆ ಲೋಕಲ್ ಹತ್ತಿ ಎಂದು ಹೇಳಿ ಚಿಕ್ಕಪ್ಪನೇ ಸ್ಟೇಷನ್ನಿನವರೆಗೆ ಬಂದು ಕಳಿಸಿಕೊಟ್ಟರು.

ನಮ್ಮ ಲಾಡ್ಜು ದಕ್ಷಿಣ ಮುಂಬೈಯ ಕೋಟೆ ಪ್ರದೇಶದ ಒಂದು ಹಳೆಯ ಕಟ್ಟಡದಲ್ಲಿ. ಎರಡು ಮಂಚ, ಒಂದು ಮೇಜು, ರಸ್ತೆಗೆ ತೆರೆಯುವ ಕಿಟಕಿ. ಅಕ್ಕ ಬಾತ್‌ರೂಮಿನ ಬಾಗಿಲನ್ನೂ ಬೀರುವಿನ ಬಾಗಿಲನ್ನೂ ತೆಗೆದು ನೋಡಿ, ಬೇರೆ ಬಾಗಿಲಿಲ್ಲವೆಂದು ಖಚಿತ ಮಾಡಿಕೊಂಡಳು.

ಮರುದಿನ ಬೆಳಗ್ಗೆ ನನಗೆ ಎಚ್ಚರವಾದಾಗ ಅವಳು ಆಗಲೇ ಎದ್ದು, ಸ್ನಾನ ಮಾಡಿ, ಮಂಚದ ತುದಿಯಲ್ಲಿ ಕೂತಿದ್ದಳು. ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡಿದ್ದಳು. ಅವನ್ನು ಎಲ್ಲಿಡುವುದೆಂದು ತಿಳಿಯದವಳ ಹಾಗೆ ಒಮ್ಮೆ ಸೆರಗು ಸರಿಮಾಡುವಳು, ಒಮ್ಮೆ ದಿಂಬು ತಟ್ಟುವಳು. ಕೆಳಗೆ ಹೇಳಿಕಳಿಸಿ ಟೀ ತರಿಸಿದೆ. ಕುಡಿದಳು. ಕುಡಿದು ಲೋಟ ತೊಳೆಯಲು ಎದ್ದಳು. ನಾನು ಕೈ ಹಿಡಿದು ಕೂರಿಸಿದೆ.

"ಹಂಗೇ ಇಡಬೋದಾ?" ಎಂದಳು.

"ಹಂಗೇ ಇಡು."

ಇಟ್ಟಳು. ಸ್ವಲ್ಪ ಹೊತ್ತು ಆ ಎಂಜಲು ಲೋಟವನ್ನೇ ನೋಡುತ್ತಿದ್ದಳು. ಆಮೇಲೆ ನಗು ಶುರುವಾಯಿತು. ಅವಳು ಕ್ವಾರ್ಟರ್ಸ್‌ನಲ್ಲಿ ಚಿಕ್ಕವಳಿದ್ದಾಗ ನಕ್ಕ ಹಾಗೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಇಬ್ಬರ ಕಣ್ಣಲ್ಲೂ ನೀರು. ಗೆದ್ದೆವು ಎಂದು ನನಗೆ ಆಗಲೇ ಅನ್ನಿಸಿತ್ತು.

ಆಮೇಲಿನ ಎರಡು ದಿನ ನಾವು ಮುಂಬೈಯನ್ನು ಪತ್ರಿಕೆ ಹಂಚಿದ ಹಾಗೇ ಸುತ್ತಿದೆವು. ಆಲ್ಬಂ ಮನೆಯನ್ನು ಬೆಳಗ್ಗೆಯೇ ಮುಗಿಸಿದೆವು. ದಾರಿಯಲ್ಲಿ ಸಿಕ್ಕ ನೆಂಟರನ್ನು ಮಾತಾಡಿಸಿದ ಹಾಗೆ ದೊಡ್ಡ ರೈಲು ನಿಲ್ದಾಣದ ಮುಂದೆ ನಿಂತು ಅದರ ಗೋಪುರ ನೋಡಿದೆವು. ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾ, ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಕೊಲ್ಲಿಯ ಬಾಗು ಇದೇ ಎಂದು ಕೈ ಚಾಚಿ ತೋರಿಸಿದೆ. ನಾನು ಅದನ್ನು ಯಾವಾಗಲೂ ಸ್ವಲ್ಪ ಚಪ್ಪಟೆಯಾಗಿ ಬರೆದಿದ್ದೆ. ಒಮ್ಮೆಯೂ ದಾರಿ ತಪ್ಪಲಿಲ್ಲ, ಒಂದು ಜಾಗಕ್ಕೂ ಎರಡು ಸಲ ಹಿಂದಿರುಗಲಿಲ್ಲ. ಊಟದ ಹೊತ್ತಿಗೆ ಸರಿಯಾಗಿ ಊಟ ಸಿಗುವ ಕಡೆಯೇ ಇದ್ದೆವು. ಅಕ್ಕ ಬಡಿಸುವವರನ್ನು ಕರೆದು ಕರೆದು ಹಾಕಿಸಿಕೊಂಡಳು.

ಮಂಗಳವಾರ ಬೆಳಗ್ಗೆ ಲಾಡ್ಜಿನವರು ಕೆಳಗಿನಿಂದ ಫೋನ್ ಮಾಡಿ ಯಾರೋ ಬಂದಿದ್ದಾರೆ ಎಂದರು. ಇಳಿದು ಬಂದರೆ ಚಿಕ್ಕಮ್ಮ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ನಾವು ಕೊಟ್ಟ ಕಣದಲ್ಲೇ ಹೊಲಿಸಿದ ರವಿಕೆ ತೊಟ್ಟು ನಿಂತಿದ್ದರು. ಅಷ್ಟು ಬೇಗ ಯಾವ ದರ್ಜಿಯ ಬೆನ್ನು ಹತ್ತಿದರೋ ಕಾಣೆ. ಚಿಕ್ಕಪ್ಪನಿಗೆ ಮಂಡಿನೋವು, ಬರಲಿಲ್ಲ. "ದಾದರ್‌ನಿಂದ ಈಚೆಗೆ ನಾನೊಬ್ಳೇ ಬಂದಿರ್ಲಿಲ್ಲ ಕಣ್ರೆ," ಎಂದರು. ಹೆದರಿಕೆಯಿತ್ತು, ಅದಕ್ಕಿಂತ ಹೆಮ್ಮೆ ಜಾಸ್ತಿಯಿತ್ತು.

ಗೇಟ್‌ವೇಯಿಂದ ದೋಣಿ. ಚಿಕ್ಕಮ್ಮ ನಮ್ಮಿಬ್ಬರ ಮಧ್ಯೆ ಕೂತು, ಊರು ಹಿಂದೆ ಸರಿಯುವುದನ್ನು ಕುತ್ತಿಗೆ ತಿರುಗಿಸಿ ನೋಡುತ್ತಿದ್ದರು. ನಾನು ಪುಸ್ತಕ ತೆರೆದು ಒಂದೊಂದೇ ಕಟ್ಟಡದ ಹೆಸರು ಹೇಳಿದೆ. ದ್ವೀಪದ ಮೆಟ್ಟಿಲು ಬಹಳ. ಡೋಲಿಯವರು ಕರೆದರು, ಚಿಕ್ಕಮ್ಮ ಒಪ್ಪಲಿಲ್ಲ. ಮೂರು ಮಹಡಿ ಹತ್ತಿ ಇಳಿದು ಪಳಗಿದ ಕಾಲು ಎಂದು ಸೆರಗು ಸಿಕ್ಕಿಸಿಕೊಂಡು ನಿಧಾನ ಹತ್ತಿದರು.

ಗುಹೆಯೊಳಗೆ ತಂಪು. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಎದುರಿಗೆ ಆ ಮೂರು ಮುಖ. ಚಿಕ್ಕಮ್ಮ, ಅಕ್ಕ ಇಬ್ಬರೂ ಕೈಮುಗಿದು ನಿಂತರು. ನಾನು ಪಾಠದ ದನಿಯಲ್ಲಿ ಓದಿ ಹೇಳಲು ಶುರುಮಾಡಿದೆ: ಎಡಗಡೆಯ ಮುಖ ಉಗ್ರ, ಬಲ ಸೌಮ್ಯ, ನಡುವಿನದು ಶಾಂತ. ದಾವಣಗೆರೆ ಕಡೆಯ ಒಂದು ಸಂಸಾರ ಕನ್ನಡ ಕೇಳಿ ಹತ್ತಿರ ಬಂತು. ಹಿಂದೆಯೇ ಇನ್ನಷ್ಟು ಜನ. ಮುಂದಿನ ಶಿಲ್ಪಕ್ಕೆ ನಾನು ಹೋದರೆ ಅವರೂ ಬಂದರು. ಒಬ್ಬರು ಅಕ್ಕನ ಹತ್ತಿರ ಮೆಲ್ಲಗೆ, "ಈ ಗೈಡ್ ಮೇಡಂ ಎಷ್ಟು ತಗೊಳ್ತಾರೆ?" ಎಂದು ಕೇಳಿದರು.

"ಅವ್ರು ಸರ್ಕಾರಿ ಸಂಬಳದೋರು. ಸುಮ್ನೆ ಕೇಳ್ಕೊಳ್ಳಿ," ಎಂದಳು ಅಕ್ಕ.

ನನ್ನ ಇಷ್ಟು ವರ್ಷದ ಪಾಠದಲ್ಲಿ ಅಂಥ ಕ್ಲಾಸು ಸಿಕ್ಕಿರಲಿಲ್ಲ. ಒಬ್ಬರೂ ಕಿಟಕಿಯಾಚೆ ನೋಡಲಿಲ್ಲ. ಪುಸ್ತಕ ಮುಚ್ಚಿಟ್ಟು, ಬಸಾಲ್ಟ್ ಬಂಡೆ, ಸಮುದ್ರ, ಹಳೆಯ ವ್ಯಾಪಾರದ ದಾರಿ ಎಂದು ನನಗೆ ಗೊತ್ತಿದ್ದನ್ನೆಲ್ಲ ಹೇಳಿದೆ. ಕೊನೆಗೆ ಯಾರೋ ಚಪ್ಪಾಳೆ ಹೊಡೆದರು. ಚಿಕ್ಕಮ್ಮ ಪಕ್ಕದವರಿಗೆ, "ನಮ್ಮಕ್ಕನ ಮಗಳು," ಎಂದರು. ಅದನ್ನು ಕೇಳಿಸಿಕೊಂಡು ನಾನು ಒಂದಿಂಚು ಉದ್ದವಾದೆ.

ಹೊತ್ತು ಇಳಿಯುವಷ್ಟರಲ್ಲಿ ಲಾಡ್ಜಿಗೆ ಬಂದೆವು. ಚಿಕ್ಕಮ್ಮ ಕೋಣೆಯ ಮಧ್ಯೆ ನಿಂತು ಸುತ್ತ ನೋಡಿದರು. ಮಂಚದ ಮೇಲೆ ಕೂತರು. ಚಾದರವನ್ನು ಕೈಯಿಂದ ಸವರಿದರು. ಟೀ ಬಂತು, ಜೊತೆಗೆ ಬಿಸ್ಕತ್ತು. ತಂದವರು ಬಾಗಿಲು ಎಳೆದುಕೊಂಡು ಹೋದ ಮೇಲೆ, "ಇದನ್ನ ಯಾರು ಮಾಡಿದ್ದು?" ಎಂದು ಕೇಳಿದರು.

"ಗೊತ್ತಿಲ್ಲ ಚಿಕ್ಕಮ್ಮ," ಎಂದಳು ಅಕ್ಕ. "ಯಾರೋ."

ಚಿಕ್ಕಮ್ಮ ಒಂದೊಂದೇ ಗುಟುಕು ಕುಡಿದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಆ ಕಡೆ ಚಿಕ್ಕಪ್ಪ. ದನಿ ಜೋರಾದ್ದರಿಂದ ನಮಗೂ ಕೇಳಿಸುತ್ತಿತ್ತು. ಎಷ್ಟು ಹೊತ್ತಿಗೆ ಹೊರಡ್ತೀಯ, ರಾತ್ರಿಗೆ ಏನು ಮಾಡೋದು, ಅಕ್ಕಿ ಎಷ್ಟು ಹಾಕಬೇಕು ಎಂದು ಕೇಳುತ್ತಿದ್ದರು. ಚಿಕ್ಕಮ್ಮ ಕಿಟಕಿಯಾಚೆ ದೀಪ ಹೊತ್ತಿಕೊಳ್ಳುತ್ತಿದ್ದ ರಸ್ತೆಯನ್ನು ನೋಡುತ್ತಾ ಎಲ್ಲ ಕೇಳಿಸಿಕೊಂಡರು. ಕಾಲನ್ನು ಮೇಲೆ ತೆಗೆದುಕೊಂಡು, ಬೆನ್ನಿಗೆ ದಿಂಬು ಕೊಟ್ಟುಕೊಂಡು, ಊರಿಗೆ ಟ್ರಂಕ್ ಕಾಲ್ ಮಾಡಿದವರಂತೆ ದನಿ ಎತ್ತಿ ಹೇಳಿದರು:

"ಇವತ್ತು ಬರೋಕಾಗಲ್ಲ ಕಣ್ರೀ. ನಾನು ಮುಂಬೈಗೆ ಬಂದಿದ್ದೀನಿ."